ಕೌದಿ ಮರೆಯಬೇಡಿ



ಟೆಂಟಿನ ಜಿಪ್ಪು ಎಳೆಯುವ ಸದ್ದನ್ನು ನೀವು ಕೇಳಿರಬಹುದು. ಝುಯ್ ಎಂದು ಮೇಲಕ್ಕೆ. ಝುಯ್ ಎಂದು ಕೆಳಕ್ಕೆ. ಕಳೆದ ನವೆಂಬರಿನ ಒಂದು ಸಂಜೆ ಆ ಸದ್ದನ್ನು ನಾನು 40 ಸಲವಾದರೂ ಕೇಳಿರಬೇಕು. ಎಳೆಯುತ್ತಿದ್ದವಳು ನನ್ನ ಮಗಳು. ಅವಳಿಗಾಗ 18 ತಿಂಗಳು. ಕಾಡು ತೋರಿಸೋಣ ಎಂದು ಕರೆದುಕೊಂಡು ಹೋಗಿದ್ದೆವು. ಅವಳು ನೋಡಿದ್ದು ಜಿಪ್ಪನ್ನು.

ಈಗತಾನೇ ನಡೆಯಲು ಕಲಿತ ಮಗುವನ್ನು ಮೊದಲ ಸಲ ಬಯಲಿಗೆ ಕರೆದೊಯ್ದು, ಟೆಂಟು ಹಾಕಿ, ಒಂದು ರಾತ್ರಿ ಕಳೆಯುವುದು ಹೇಗೆ? ಇವತ್ತಿನ ಮಾತು ಅಷ್ಟೇ. ನಾನು ಡಾಕ್ಟರಲ್ಲ. ಬೆಟ್ಟ ಹತ್ತುವವಳೂ ಅಲ್ಲ. ಒಂದು ಸಲ ಹೋಗಿ ಬಂದ ತಾಯಿ. ಹಾಗಾಗಿ ತಪ್ಪು ಮಾಡಿದ ನೆನಪು ಇನ್ನೂ ಬಿಸಿಯಾಗಿದೆ.

ಇದನ್ನು ಈಗ ಕ್ಯಾಂಪಿಂಗ್ ಎನ್ನುತ್ತೇವೆ. ಏನೋ ಹೊಸದು ಮಾಡುತ್ತಿದ್ದೇವೆ ಎಂಬ ಹುಮ್ಮಸ್ಸಿನಲ್ಲಿ ನಾನು ನಮ್ಮ ಅವ್ವನಿಗೆ ಫೋನು ಮಾಡಿದೆ. ಅವಳಿರುವುದು ಬಾದಾಮಿ ಸೀಮೆಯ ಒಂದು ಹಳ್ಳಿಯಲ್ಲಿ. ಎಲ್ಲ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಇದರಾಗ ಹೊಸಾದು ಏನೈತಿ? ನೀ ಎಂಟು ತಿಂಗಳ ಕೂಸಿದ್ದಿ. ಬನಶಂಕರಿ ಜಾತ್ರಿಗೆ ಚಕ್ಕಡಿ ಕಟಗೊಂಡು ಹೋಗಿದ್ವಿ. ಮೂರು ರಾತ್ರಿ ಚಕ್ಕಡಿ ಬುಡಕ ಮಲಗಿದ್ದಿ."

ಅವಳು ಹೇಳಿದ್ದು ನಿಜ. ಬನದ ಹುಣ್ಣಿಮೆಗೆ ಬಾದಾಮಿಯ ಹತ್ತಿರ ಬನಶಂಕರಿ ಜಾತ್ರೆ ನೆರೆಯುತ್ತದೆ. ಜನವರಿಯ ಚಳಿ. ಸುತ್ತಲ ಊರುಗಳಿಂದ ಚಕ್ಕಡಿ ಬರುತ್ತಿದ್ದವು. ಎತ್ತು ಬಿಚ್ಚಿ, ನೊಗ ಇಳಿಸಿ, ಅಲ್ಲೇ ಬಿಡಾರ. ಮೂರು ಕಲ್ಲಿನ ಒಲೆ. ಬುತ್ತಿಯ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ಅತ್ತ ನಾಟಕ ಕಂಪನಿಯ ಪೆಟ್ಟಿಗೆ, ತಬಲಾ ರಾತ್ರಿಯೆಲ್ಲ ಮೊಳಗುತ್ತಿದ್ದರೆ ಇತ್ತ ಚಕ್ಕಡಿಯ ಕೆಳಗೆ ಕೂಸುಗಳು ಮಲಗಿರುತ್ತಿದ್ದವು. ಕುರಿಗಾರರನ್ನು ನೆನೆಸಿಕೊಳ್ಳಿ. ಇಂದಿಗೂ ಕುರಿ ಹಿಂಡಿನ ಜೊತೆ ಊರೂರು ಅಲೆಯುತ್ತಾರೆ. ಕುದುರೆಯ ಬೆನ್ನ ಮೇಲೆ ಸಾಮಾನು. ಸಾಮಾನಿನ ಮೇಲೆ ಮಗು. ಅದರ ಪಕ್ಕದಲ್ಲೇ ಆಗತಾನೇ ಹುಟ್ಟಿದ ಕುರಿಮರಿ. ಅವರಿಗೆ ಯಾರೂ ಟೆಂಟಿನ ಅಂಗಡಿಯ ದಾರಿ ತೋರಿಸಿಲ್ಲ.

ಫೋನು ಇಡುವ ಮೊದಲು ಅವ್ವ ಇನ್ನೊಂದು ಮಾತು ಸೇರಿಸಿದಳು. "ಕೌದಿ ಮರೀಬ್ಯಾಡ." ಮಗಳು ಹುಟ್ಟಿದಾಗ ಅವ್ವ ಹೊಲಿದುಕೊಟ್ಟ ಕೌದಿ ಅದು. ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ, ನನ್ನದೊಂದು ಶಾಲೆಯ ಲಂಗ, ಎಲ್ಲ ತುಂಡು ಸೇರಿಸಿ ಸಾಲುಸಾಲಾಗಿ ದಾರ ಹಾಕಿದ್ದು. ಒಗೆದು ಒಗೆದು ಮೆತ್ತಗಾಗಿದೆ. ಅವ್ವನ ಮಾತನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಮಗುವಿಗೆಂದೇ ಹೊಸದೊಂದು ಮಲಗುವ ಚೀಲ ಕೊಂಡಿದ್ದೆ. ಕಿತ್ತಳೆ ಬಣ್ಣ, ಮೇಲೆ ಕರಡಿಯ ಚಿತ್ರ. ಬೆಲೆ ಹೇಳಲು ನಾಚಿಕೆಯಾಗುತ್ತದೆ.

ಹೊರಡುವ ಎರಡು ವಾರ ಮೊದಲು ತಾರಸಿಯ ಮೇಲೆ ಒಂದು ಪ್ರಯೋಗ ಮಾಡಿದೆವು. ನಾವಿರುವುದು ಹಾಸನದಲ್ಲಿ. ರಾತ್ರಿ ಎಂಟಕ್ಕೆ ತಾರಸಿಯಲ್ಲಿ ಟೆಂಟು ಹಾಕಿ, ಮಗಳನ್ನು ಹೊಸ ಚೀಲದೊಳಗೆ ಇಳಿಸಿದೆವು. ಆ ಚೀಲ ಸರಸರ ಸದ್ದು ಮಾಡುತ್ತಿತ್ತು. ಅಂಗಡಿಯ ವಾಸನೆ ಬರುತ್ತಿತ್ತು. ಅವಳು ಕಾಲು ಒದ್ದಳು, ಅತ್ತಳು, ಎದ್ದು ಕೂತಳು. ರಾತ್ರಿ ಒಂದು ಗಂಟೆಗೆ ಮೂವರೂ ಮೆಟ್ಟಿಲಿಳಿದು ಮನೆಯೊಳಗೆ ಬಂದೆವು. ಕೌದಿ ಹೊದಿಸಿದೆ. ಎರಡು ನಿಮಿಷದಲ್ಲಿ ನಿದ್ದೆ.

ಮುಂದಿನ ಶನಿವಾರ ಅದೇ ತಾರಸಿ, ಅದೇ ಟೆಂಟು. ಚೀಲ ಅಟ್ಟಕ್ಕೆ ಹೋಗಿತ್ತು. ಕೌದಿ ಬಂದಿತ್ತು. ಬೆಳಗಿನ ತನಕ ಮಲಗಿದಳು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ಬಿಡಾರ ನಮಗೆ ಹೊಸದಲ್ಲ, ಮತ್ತು ಮಗುವಿಗೆ ಹೊಸ ಸಾಮಾನು ಬೇಕಿಲ್ಲ. ಜಾಗ ಹೊಸದಾದರೆ ಉಳಿದದ್ದೆಲ್ಲ ಹಳೆಯದಿರಲಿ. ಅದೇ ಹೊದಿಕೆ, ಅದೇ ಲಾಲಿ, ಅದೇ ಹೊತ್ತಿಗೆ ಊಟ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ವೈದ್ಯರು. ಬಯಲಿಗೆ ಹೋದ ಮಾತ್ರಕ್ಕೆ ಈ ಲೆಕ್ಕ ಕಡಿಮೆಯಾಗುವುದಿಲ್ಲ. ಹಗಲು ಬೇಕಾದರೆ ಕಾಡಿನದಾಗಲಿ. ರಾತ್ರಿ ಮಾತ್ರ ಮನೆಯದೇ ಆಗಬೇಕು.

ಈಗ ಜಾಗದ ವಿಚಾರ.

ಹತ್ತಿರದ ಜಾಗ ನೋಡಿ. ಕಾರಿನ ಹಿಂದಿನ ಸೀಟಿನಲ್ಲಿ ಐದು ಗಂಟೆ ಕೂತ ಮಗು ಟೆಂಟಿಗೆ ಬರುವಾಗಲೇ ಸೋತಿರುತ್ತದೆ. ನಾವು ಆರಿಸಿದ್ದು ಸಕಲೇಶಪುರದ ಕಡೆ, ಗೆಳೆಯರೊಬ್ಬರ ಕಾಫಿ ತೋಟ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್. ಮಗಳ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಕಾರು ಹತ್ತಿದೆವು. ಅವಳು ಕಣ್ಣು ಬಿಡುವಾಗ ತೋಟದ ಗೇಟು.

ನನ್ನ ಮನಸ್ಸಿನಲ್ಲಿ ಒಂದು ಚಿತ್ರವಿತ್ತು. ತೋಟದ ಕೊನೆಯಲ್ಲಿ ಹಳ್ಳ, ಹಳ್ಳದ ದಡದಲ್ಲಿ ಟೆಂಟು, ನೀರಿನ ಜುಳುಜುಳು. ತೋಟದ ರೈಟರು ತಲೆಯಾಡಿಸಿಬಿಟ್ಟರು. "ಹಳ್ಳದ ಕಡೆ ಬೇಡ ಮೇಡಂ. ನಿನ್ನೆ ಸಂಜೆ ಪಕ್ಕದ ತೋಟದಲ್ಲಿ ಆನೆ ಇದ್ವು. ಮರಿ ಬೇರೆ ಜೊತೇಲಿದೆ."

ಸಕಲೇಶಪುರ, ಆಲೂರು, ಬೇಲೂರಿನ ಕಡೆಯವರಿಗೆ ಇದು ದಿನದ ಮಾತು. ಆನೆಗಳು ತೋಟದೊಳಗೇ ಓಡಾಡುತ್ತವೆ. ನವೆಂಬರಿನಲ್ಲಿ ಗದ್ದೆಯ ಭತ್ತ ತೆನೆಯಾಗಿರುತ್ತದೆ, ಅದಕ್ಕೂ ಬರುತ್ತವೆ. ಹೊರಗಿನಿಂದ ಹೋದ ನಮಗೆ ಹಳ್ಳದ ದಡ ಕವಿತೆಯ ಹಾಗೆ ಕಾಣುತ್ತದೆ. ಆನೆಗೆ ಅದು ದಾರಿ. ಆದ್ದರಿಂದ ಎಲ್ಲೇ ಹೋಗಿ, ಅಲ್ಲಿನವರನ್ನು ಕೇಳಿ. ಅವರು ಬೇಡ ಎಂದರೆ ವಾದ ಬೇಡ. ಇನ್ನು, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಡಿನಲ್ಲಿ ಟೆಂಟು ಹಾಕುವಂತಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಕೊನೆಗೆ ಟೆಂಟು ಹಾಕಿದ್ದು ಎಲ್ಲಿ ಗೊತ್ತೇ? ಕಾಫಿ ಒಣಗಿಸುವ ಕಣದಲ್ಲಿ. ಮನೆಯ ಜಗಲಿಯಿಂದ 50 ಹೆಜ್ಜೆ. ಹೆಣ್ಣಾಳುಗಳು ಫ್ಲೈ ಪಿಕಿಂಗ್ ಶುರು ಮಾಡಿದ್ದರು. ಅಂದರೆ ಅಲ್ಲೊಂದು ಇಲ್ಲೊಂದು ಹಣ್ಣಾದ ಕಾಫಿಯನ್ನು ಮಾತ್ರ ಆರಿಸಿ ಕೊಯ್ಯುವುದು. ಕಣದ ಒಂದು ಮೂಲೆಯಲ್ಲಷ್ಟೇ ಕೆಂಪು ಹಣ್ಣು ಹರಡಿತ್ತು. ಉಳಿದದ್ದು ಖಾಲಿ. ಸಿಮೆಂಟಿನ ನೆಲ, ಗೂಟ ಹೊಡೆಯಲಾಗುವುದಿಲ್ಲ. ನಾಲ್ಕು ಮೂಲೆಯ ಹಗ್ಗಕ್ಕೆ ನಾಲ್ಕು ಕಲ್ಲು ಕಟ್ಟಿದೆವು. ನನಗೆ ಸ್ವಲ್ಪ ಅವಮಾನವೇ ಆಯಿತು ಅನ್ನಿ. ಇದೂ ಒಂದು ಕ್ಯಾಂಪಿಂಗಾ ಎಂದು. ರಾತ್ರಿ ಎರಡು ಗಂಟೆಗೆ ಡೈಪರು ಬದಲಾಯಿಸಲು ಬಿಸಿನೀರು ಬೇಕಾದಾಗ ಆ 50 ಹೆಜ್ಜೆಯ ಬೆಲೆ ತಿಳಿಯಿತು.

ಜಾಗ ಹತ್ತಿರವಿರಲಿ, ಅಲ್ಲಿನವರ ಮಾತು ಕೇಳಿ, ಒಂದು ಮನೆ ಕೂಗಿನ ಅಳತೆಯಲ್ಲಿರಲಿ. ಇಷ್ಟಾಯಿತು. ಇನ್ನು ಚಳಿ.

ಚಿಕ್ಕ ಮಕ್ಕಳ ಮೈ ನಮಗಿಂತ ಬೇಗ ತಣ್ಣಗಾಗುತ್ತದೆ. ತೂಕ ಕಡಿಮೆ, ತೂಕದ ಲೆಕ್ಕದಲ್ಲಿ ಚರ್ಮ ಹೆಚ್ಚು. ಬಿಸಿ ಹೊರಗೆ ಹೋಗಲು ದಾರಿ ಜಾಸ್ತಿ. ನಾವು ಮಾಡುವ ತಪ್ಪೆಂದರೆ ಹೊದಿಕೆಯ ಮೇಲೆ ಹೊದಿಕೆ ಹೇರುವುದು. ಚಳಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಹೆಚ್ಚು ಬರುತ್ತದೆ. ಕಣದ ಸಿಮೆಂಟು ಸಂಜೆ ಏಳರ ತನಕ ಬೆಚ್ಚಗಿತ್ತು. ನಡುರಾತ್ರಿಗೆ ಬಾವಿಯ ಕಲ್ಲಿನಷ್ಟು ತಣ್ಣಗೆ. ಕೆಳಗೆ ಟಾರ್ಪಾಲು ಹಾಸಿದ್ದೆವು. ಅದರ ಮೇಲೆ ಚಾಪೆ, ಚಾಪೆಯ ಮೇಲೆ ಎರಡು ಮಡಿಕೆ ಜಮಖಾನ, ಅದರ ಮೇಲೆ ಕುರಿ ಉಣ್ಣೆಯ ಕಂಬಳಿ. ಕಂಬಳಿ ಚುಚ್ಚುತ್ತದೆ, ಆದ್ದರಿಂದ ಮೇಲೊಂದು ಹಳೆಯ ಹತ್ತಿ ಸೀರೆ. ಹೊದೆಯಲು ಕೌದಿ. ಮಗುವಿಗೆ ಚಳಿಯಾಗಿದೆಯೇ ಎಂದು ನೋಡಲು ಕೈ ಮುಟ್ಟಿ ಪ್ರಯೋಜನವಿಲ್ಲ, ಕೈ ಯಾವಾಗಲೂ ತಣ್ಣಗಿರುತ್ತದೆ. ಕತ್ತಿನ ಹಿಂದೆ ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಬೆವರಿದ್ದರೆ ಒಂದು ಅಂಗಿ ಕಡಿಮೆ ಮಾಡಿ.

ಬೆಳಗ್ಗೆ ಎದ್ದಾಗ ಟೆಂಟಿನ ಒಳಮೈಯೆಲ್ಲ ಒದ್ದೆ. ಮಳೆ ಬಂತೇ ಎಂದು ಗಾಬರಿಯಾದೆ. ಮಳೆಯಲ್ಲ, ನಮ್ಮದೇ ಉಸಿರು. ಮೂವರು ರಾತ್ರಿಯೆಲ್ಲ ಬಿಟ್ಟ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ನೀರಾಗಿತ್ತು. ಕಿಟಕಿಯ ಜಾಲರಿಯ ಮೇಲಿನ ಬಟ್ಟೆಯನ್ನು ನಾಲ್ಕು ಬೆರಳಷ್ಟು ತೆರೆದಿಡಬೇಕಿತ್ತು. ಮಗುವನ್ನು ಗೋಡೆಗೆ ತಾಗದ ಹಾಗೆ ನಡುವೆ ಮಲಗಿಸಿದ್ದರಿಂದ ಕೌದಿ ಒಣಗಿಯೇ ಇತ್ತು.

ಚಳಿಯ ಮಾತು ಬಂದಾಗ ಒಂದನ್ನು ಒತ್ತಿ ಹೇಳಬೇಕು. ಹೊರಡುವಾಗ ನಮ್ಮ ಅತ್ತೆ ಹೇಳಿದ್ದರು: "ಮಗೀಗೆ ಥಂಡಿ ಆಯ್ತದೆ ಕಣವ್ವ. ಒಂದು ಅಗ್ಗಿಷ್ಟಿಕೇಲಿ ಕೆಂಡ ಹಾಕ್ಕಂಡು ಒಳಗಿಟ್ಕಳಿ." ಪ್ರೀತಿಯ ಮಾತು. ಹೆಂಚಿನ ಮನೆಯಲ್ಲಿ, ಹೆಂಚಿನ ಸಂದಿನಲ್ಲಿ ಗಾಳಿಯಾಡುವ ಕೋಣೆಯಲ್ಲಿ ಬಾಣಂತಿಯ ಮಂಚದ ಕೆಳಗೆ ಕೆಂಡ ಇಟ್ಟು ಬದುಕಿದ ಜನ ಅವರು. ಟೆಂಟು ಹಾಗಲ್ಲ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರೆ. ಟೆಂಟಿನೊಳಗೆ ಕೆಂಡ ಬೇಡ, ಗ್ಯಾಸ್ ಒಲೆ ಬೇಡ, ಸೀಮೆಎಣ್ಣೆ ದೀಪವೂ ಬೇಡ. ಐದು ನಿಮಿಷಕ್ಕೂ ಬೇಡ. ಅತ್ತೆಗೆ ನಾನು "ಹೂಂ ಅತ್ತೆ" ಎಂದೆ. ಅಗ್ಗಿಷ್ಟಿಕೆಯನ್ನು ಕಾರಿಗೆ ಹಾಕಲಿಲ್ಲ.

ಹಾಸಿಗೆಯಾಯಿತು, ಜಾಗವಾಯಿತು, ಚಳಿಯಾಯಿತು. ಈಗ ಮಗುವಿನ ಕೈ ಮತ್ತು ಬಾಯಿ.

ಒಂದೂವರೆ ವರ್ಷದ ಮಗುವಿಗೆ ಬಾಯಿಯೇ ಮೂರನೆಯ ಕೈ. ಕಣದ ಮೂಲೆಯ ಕಾಫಿ ಹಣ್ಣು ಕಂಡದ್ದೇ ತಡ, ಎರಡು ಮುಷ್ಟಿ ತುಂಬಿಕೊಂಡಳು. ಸಿಪ್ಪೆ ಸಿಹಿ. ಒಳಗಿನ ಬೀಜ ಜಾರಿ ಗಂಟಲಿಗೆ ಸಿಕ್ಕರೆ ಕಷ್ಟ. ಹಣ್ಣು ಆರಿಸುತ್ತಿದ್ದ ಹೆಂಗಸೊಬ್ಬರು ಓಡಿ ಬಂದು, ಅವಳ ಗಲ್ಲ ಒತ್ತಿ, ಕಿರುಬೆರಳು ಹಾಕಿ, ಕೆನ್ನೆಯ ಪಕ್ಕದಲ್ಲಿ ಕಾಣುತ್ತಿದ್ದ ಹಣ್ಣನ್ನು ಹೊರಕ್ಕೆ ಜಾರಿಸಿದರು. ಎಷ್ಟು ಮಕ್ಕಳನ್ನು ಬೆಳೆಸಿದ ಬೆರಳೋ ಅದು. ಕಾಣದ್ದನ್ನು ಕುರುಡಾಗಿ ಬೆರಳು ಹಾಕಿ ತೆಗೆಯಲು ಹೋದರೆ ಇನ್ನೂ ಒಳಕ್ಕೆ ಹೋಗುತ್ತದೆ, ಅದು ನೆನಪಿರಲಿ. ಶೇಂಗಾ, ಗೋಡಂಬಿ, ಬಟಾಣಿಯಂಥವನ್ನು ಇಡಿಯಾಗಿ ಕೊಡಲೇಬೇಡಿ.

ಬೇಲಿಯಂಚಿನಲ್ಲಿ ಗುಲಗಂಜಿ ಇರಬಹುದು. ಕೆಂಪು ಕಾಳು, ತುದಿಯಲ್ಲಿ ಕಪ್ಪು ಚುಕ್ಕೆ. ಮಕ್ಕಳ ಕಣ್ಣಿಗೆ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಅಗಿದು ನುಂಗಿದರೆ ವಿಷ. ಕಣಗಿಲೆಯೂ ವಿಷ, ಎಕ್ಕದ ಹಾಲು ಕಣ್ಣಿಗೆ ಕೇಡು. ನನ್ನ ಗಂಡ ಟೆಂಟು ಕಟ್ಟುವಷ್ಟು ಹೊತ್ತು ನಾನು ಕಣದ ಸುತ್ತ ಅಂಬೆಗಾಲಿಟ್ಟು ಹೋದೆ. ತಮಾಷೆಯಲ್ಲ, ನಿಜವಾಗಿಯೂ ಮಂಡಿಯೂರಿ. ನಿಂತು ನೋಡಿದಾಗ ಸ್ವಚ್ಛವಾಗಿದ್ದ ನೆಲದಲ್ಲಿ ಮಗುವಿನ ಎತ್ತರದಿಂದ ಒಂದು ತುಕ್ಕು ಹಿಡಿದ ಮೊಳೆ, ಮುರಿದ ಬಾಟಲಿಯ ಚೂರು, ಎರಡು ಬೀಡಿ ತುಂಡು ಸಿಕ್ಕವು.

ಊಟದ ಬಗ್ಗೆ ಹೆಚ್ಚಿಗೆ ಹೇಳುವುದಿಲ್ಲ. ಮನೆಯಲ್ಲಿ ತಿನ್ನುವುದನ್ನೇ ಕೊಡಿ. ರಾಗಿ ಸರಿಯ ಹಿಟ್ಟು, ಬಾಳೆಹಣ್ಣು, ಮೆತ್ತಗಿನ ಅನ್ನ, ತುಪ್ಪ. ನೀರು ಕುದಿಸಿ ಆರಿಸಿ. ಹೊಸ ರುಚಿ ತೋರಿಸಲು ಬೇರೆ ದಿನಗಳಿವೆ.

ಹುಳುಹುಪ್ಪಟೆಯ ಬಗ್ಗೆ ಮಾತ್ರ ಎರಡು ಮಾತು ಬೇಕು. ಮಳೆಗಾಲದಲ್ಲಿ ಮಲೆನಾಡಿಗೆ ಹೋದರೆ ಉಂಬಳ. ರಕ್ತ ನೋಡಿ ಹೆದರುತ್ತೇವೆ, ಸಾಮಾನ್ಯವಾಗಿ ಅಪಾಯವೇನೂ ಇಲ್ಲ. ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆಯನ್ನು ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಉಣುಗು ಕಚ್ಚಿ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳ ತನಕ ಅದರ ಕಾಲ. ಎಳೆಯ ಉಣುಗು ಸಾಸಿವೆಗಿಂತ ಸಣ್ಣದು, ಮಗುವಿನ ಕಂಕುಳಲ್ಲಿ ಕೂತರೆ ಕಾಣುವುದೇ ಇಲ್ಲ. ಆ ತಿಂಗಳುಗಳಲ್ಲಿ ಕಾಡಂಚಿನ ತರಗೆಲೆಯ ಮೇಲೆ ಮಗುವನ್ನು ಆಡಲು ಬಿಡಬೇಡಿ. ಮಂಗ ಸತ್ತ ಸುದ್ದಿ ಬಂದ ಕಡೆಗೆ ಹೋಗಲೇಬೇಡಿ. ನಾವು ನವೆಂಬರಿನ ಮೊದಲ ವಾರ ಆರಿಸಿದ್ದು ಅದಕ್ಕೇ. ಮಳೆ ಮುಗಿದಿತ್ತು, ಉಣುಗಿನ ಕಾಲ ಶುರುವಾಗಿರಲಿಲ್ಲ.

ಹಾವಿನ ಭಯ ಎಲ್ಲರಿಗೂ ಇದೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚಾಗಿ ಕಟ್ಟುಹಾವು. ಕಚ್ಚಿದ್ದೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಇಲ್ಲಿ ಟೆಂಟು ನಮ್ಮ ಕಡೆಗಿದೆ. ಜಿಪ್ಪು ಪೂರ್ತಿ ಎಳೆದರೆ ಒಳಕ್ಕೆ ದಾರಿಯಿಲ್ಲ. ಸೊಳ್ಳೆಗೂ ಇಲ್ಲ. ಅದಕ್ಕೇ ನಾನು ಶುರುವಿನಲ್ಲಿ ಜಿಪ್ಪಿನ ಮಾತು ತೆಗೆದದ್ದು. ಎಳೆಯಲು ಕಲಿತ ಮಗುವಿಗೆ ಬಿಚ್ಚಲೂ ಬರುತ್ತದೆ! ಅವಳು ಮಲಗಿದ ಮೇಲೆ ಎರಡೂ ಜಿಪ್ಪಿನ ಕಿವಿಗಳನ್ನು ಸೇರಿಸಿ ನನ್ನ ಕೂದಲಿನ ರಬ್ಬರ್ ಬ್ಯಾಂಡು ಸುತ್ತಿದೆ. ನಾವು ಕ್ಷಣದಲ್ಲಿ ಬಿಚ್ಚಬಹುದು, ಅವಳಿಗೆ ಆಗುವುದಿಲ್ಲ.

ಮೈಗೆ ಹಾಸಿಗೆ, ಟೆಂಟಿಗೆ ಜಾಗ, ಬಾಯಿಗೆ ಕಾವಲು, ಬಾಗಿಲಿಗೆ ರಬ್ಬರ್ ಬ್ಯಾಂಡು. ಇಷ್ಟೆಲ್ಲ ಮಾಡಿ ರಾತ್ರಿ ಹೇಗೆ ಕಳೆಯಿತು? ಅದನ್ನೀಗ ಹೇಳುತ್ತೇನೆ.

ಆರೂವರೆಗೆ ಕತ್ತಲಾಯಿತು. ಹಾಸನದಲ್ಲಿ ಬೀದಿದೀಪ, ಟಿವಿ, ಪಕ್ಕದ ಮನೆಯ ಮಿಕ್ಸಿ, ಕತ್ತಲೆಂದರೇನು ಎಂದು ನನ್ನ ಮಗಳಿಗೆ ಗೊತ್ತೇ ಇರಲಿಲ್ಲ. ಕಣದ ಕಟ್ಟೆಯ ಮೇಲೆ ಅಪ್ಪನ ತೊಡೆಯಲ್ಲಿ ಕೂತು ಸುಮ್ಮನಾಗಿಬಿಟ್ಟಳು. ಜೀರುಂಡೆ ಶುರುವಾಯಿತು. ಮೊದಲು ಒಂದು ಮರ, ಆಮೇಲೆ ಇಡೀ ತೋಟ. ಅವಳು ಕಿವಿ ಮುಟ್ಟಿಕೊಂಡು "ಅದು?" ಎಂದಳು. ಜೀರುಂಡೆ ಎಂದೆ. ನಿಂತಿತು. ಮತ್ತೆ ಶುರುವಾಯಿತು. "ಅದು?" ಜೀರುಂಡೆ. ಹೀಗೆ ಅರ್ಧ ಗಂಟೆ. ಮೊಬೈಲು ಹಿಡಿದು ಚಿತ್ರ ತೆಗೆಯೋಣವೆಂದರೆ ಕತ್ತಲಲ್ಲಿ ತೆಗೆಯುವುದೇನನ್ನು? ಅದೇ ಒಳ್ಳೆಯದಾಯಿತು.

ಎಂಟಕ್ಕೆ ಟೆಂಟಿನೊಳಗೆ ಬಂದೆವು. ಮೊದಲು ಜಿಪ್ಪಿನ ಆಟ. ಆಮೇಲೆ ಕೌದಿ. ದಿನಾ ಹೇಳುವ ಲಾಲಿ, ದಿನಾ ಹೇಳುವಷ್ಟೇ ಸಲ. ಕೌದಿಯಲ್ಲಿ ನನ್ನ ಶಾಲೆಯ ಲಂಗದ ನೀಲಿ ತುಂಡೊಂದಿದೆ. ಅದರ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಮಲಗುವುದು ಅವಳ ಅಭ್ಯಾಸ. ಉಜ್ಜುವುದು ನಿಧಾನವಾಯಿತು. ನಿಂತಿತು. ಒಂಬತ್ತಾಗಿರಲಿಲ್ಲ.

ರಾತ್ರಿ ಎರಡಕ್ಕೆ ಒಮ್ಮೆ ಎದ್ದಳು. ಅಳಲಿಲ್ಲ. ದೂರದಲ್ಲಿ ಯಾರೋ ಪಟಾಕಿ ಹೊಡೆದರು. ಆನೆ ಓಡಿಸುವುದಕ್ಕೆ ಇರಬೇಕು. "ಅದು?" ಎಂದಳು. ನನಗೆ ಬಾಯಿ ಒಣಗಿತ್ತು. "ಪಟಾಕಿ" ಎಂದೆ. ಸರಿ ಎನ್ನುವ ಹಾಗೆ ನೀಲಿ ತುಂಡು ಹುಡುಕಿಕೊಂಡು ಮತ್ತೆ ಮಲಗಿದಳು. ನನ್ನ ಗಂಡ ಟಾರ್ಚು ಹಿಡಿದು ಬಿಸಿನೀರಿಗೆ ಹೋಗಿದ್ದರು. ಬರುವತನಕ ಅವರ ಹೆಜ್ಜೆ ಎಣಿಸುತ್ತಾ ಕೂತಿದ್ದೆ.

ಬೆಳಗ್ಗೆ ಎದುರಿಗೆ ಘಟ್ಟದ ಸಾಲು. ಕಣಿವೆಯಲ್ಲಿ ಮಂಜು ಹಾಲಿನ ಹಾಗೆ ನಿಂತಿತ್ತು, ಅದರಿಂದ ಸಿಲ್ವರ್ ಓಕಿನ ತುದಿಗಳು ಮಾತ್ರ ಮೇಲೆದ್ದಿದ್ದವು. "ನೋಡು ಪುಟ್ಟಿ, ಬೆಟ್ಟ!" ಎಂದು ಅವಳ ಮುಖ ತಿರುಗಿಸಿದೆವು. ಅವಳು ಕೈ ಕೊಸರಿಕೊಂಡು ಕೆಳಗಿಳಿದಳು. ಟೆಂಟಿನ ಹಗ್ಗಕ್ಕೆ ಕಟ್ಟಿದ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಕಲ್ಲಿನ ಕೆಳಗಿಂದ ಕಟ್ಟಿರುವೆಯ ಸಾಲು ಹೊರಟಿತ್ತು. ಒಂದು ಇರುವೆ ಅನ್ನದ ಅಗುಳು ಹೊತ್ತಿತ್ತು, ರಾತ್ರಿ ಅವಳೇ ಚೆಲ್ಲಿದ್ದು. ಅಗುಳು ಕಲ್ಲಿಗೆ ಸಿಕ್ಕಿಕೊಂಡಿತು. ಇರುವೆ ಬಿಟ್ಟು, ಸುತ್ತಿ ಬಂದು, ಇನ್ನೊಂದು ಬದಿಯಿಂದ ಎಳೆಯಿತು. ಇನ್ನೆರಡು ಬಂದವು. ಅವಳ ಮೂಗು ನೆಲಕ್ಕೆ ನಾಲ್ಕು ಬೆರಳು. ಇಪ್ಪತ್ತು ನಿಮಿಷ ಅಲ್ಲಾಡಲಿಲ್ಲ. ಮನೆಯಲ್ಲಿ ಎರಡು ನಿಮಿಷ ಒಂದು ಕಡೆ ಕೂರದ ಮಗು! ಘಟ್ಟ ನೋಡಲು ಇನ್ನೂ ಹತ್ತು ಕಿಲೋಮೀಟರ್ ಹೋಗೋಣ ಎಂದಿದ್ದ ನನ್ನ ಗಂಡ ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಅವಳ ಪಕ್ಕದಲ್ಲಿ ಕೂತರು.

ಮಧ್ಯಾಹ್ನ ಅವಳ ನಿದ್ದೆಯ ಹೊತ್ತಿಗೆ ಮತ್ತೆ ಕಾರು ಹತ್ತಿದೆವು. ಒಂದೇ ರಾತ್ರಿ. ಮೊದಲ ಸಲಕ್ಕೆ ಅಷ್ಟು ಸಾಕು ಅನಿಸಿತು.

ಸಂಜೆ ಅವ್ವನಿಗೆ ಫೋನು ಮಾಡಿದೆ. ಅವಳ ಮೊದಲ ಪ್ರಶ್ನೆ, "ಕೂಸು ಮಲಗ್ತೇನ?"

"ಮಲಗ್ತಬೇ. ಕೌದಿ ಒಯ್ದಿದ್ದೆ."

"ನೀ ಮಲಗಿದೇನ?"

"ಇಲ್ಲಬೇ. ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತಲಿಲ್ಲ."

ಅವ್ವ ಸ್ವಲ್ಪ ಹೊತ್ತು ನಕ್ಕಳು. "ಚಕ್ಕಡಿ ಬುಡಕ ನಾನೂ ಮೂರು ರಾತ್ರಿ ಎದ್ದ ಕುಂತಿದ್ದೆ. ನಿಮ್ಮಪ್ಪ ನಾಟಕ ನೋಡಾಕ ಹೋಗಿದ್ದ." ಆಮೇಲೆ ದನಿ ಬದಲಿಸಿ ಕೇಳಿದಳು: "ಬನದ ಹುಣ್ಣಿಮಿಗೆ ಬರತೀರೇನ? ಈಗ ಚಕ್ಕಡಿ ಇಲ್ಲ. ಟ್ರ್ಯಾಕ್ಟರ್ ಐತಿ."